ಹೆಸರು ನೋಡಿ ಕೊಳ್ಳಬೇಡಿ, ಮುಖ ನೋಡಿ ಕೊಳ್ಳಿ

ಪ್ರಶ್ನೆ: ನಾನು ಚಿತ್ರದುರ್ಗದವನು. ಆರು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿನ ಮ್ಯೂಸಿಯಂನಲ್ಲಿ ರೋಮನ್ ನಾಣ್ಯ ನೋಡಿದಾಗಿನಿಂದ ಚಕ್ರವರ್ತಿಗಳ ಮುಖವಿರುವ ನಾಣ್ಯ ಕೂಡಿಸುವ ಹುಚ್ಚು ಹಿಡಿದಿದೆ. ಜೂಲಿಯಸ್ ಸೀಸರ್‌ನಿಂದ ಡೊಮಿಷಿಯನ್‌ವರೆಗೆ ಹನ್ನೆರಡು ಮಂದಿಯ ಸೆಟ್ ಮಾಡುವ ಆಸೆ. ತಿಂಗಳಿಗೆ ನೂರು ಪೌಂಡ್ ತೆಗೆದಿಡಬಲ್ಲೆ. ಎಲ್ಲಿಂದ ಶುರು ಮಾಡಲಿ? ನಕಲಿಯನ್ನು ಹೇಗೆ ಗುರುತಿಸಲಿ? ಇನ್ನೊಂದು ವಿಷಯ: ಊರಲ್ಲಿ ಚಿಕ್ಕಪ್ಪನ ಹತ್ತಿರ, ಚಂದ್ರವಳ್ಳಿ ಕಡೆಯ ಹೊಲದಲ್ಲಿ ಹಿಂದೆ ಯಾವಾಗಲೋ ಸಿಕ್ಕಿದ್ದೆನ್ನುವ ಬೆಳ್ಳಿ ನಾಣ್ಯವಿದೆ. ಫೋಟೊ ಕಳಿಸಿದ್ದೇನೆ. ಅದನ್ನು ಇಲ್ಲಿಗೆ ತಂದುಕೊಳ್ಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಒಂದೇ ಮಾತು: ತರಬೇಡಿ. ಯಾಕೆಂದು ಕೊನೆಗೆ ಹೇಳುತ್ತೇನೆ.

ಈಗ ನಿಮ್ಮ ಸೆಟ್ಟಿನ ವಿಚಾರ. ಸ್ವೆಟೋನಿಯಸ್ ಎಂಬ ಲೇಖಕ ಹನ್ನೆರಡು ಜನರ ಚರಿತ್ರೆ ಬರೆದಿಟ್ಟ; ಅಂದಿನಿಂದ ಸಂಗ್ರಾಹಕರಿಗೆಲ್ಲ ಆ ಹನ್ನೆರಡೇ ಬೇಕು. ಬೇಡಿಕೆ ಅಲ್ಲೇ ಬಂದು ಗುಂಪುಗೂಡಿದೆ. ಸೀಸರ್ ಬದುಕಿದ್ದಾಗ ಅಚ್ಚಾದ, ಅವನ ಮುಖವಿರುವ ಬೆಳ್ಳಿ ನಾಣ್ಯ ಸುಮಾರಾಗಿದ್ದರೂ ಸಾವಿರ ಪೌಂಡಿನ ಮೇಲೆ. ಓಥೋ ಆಳಿದ್ದು ಕ್ರಿ.ಶ. 69ರಲ್ಲಿ ಬರೀ ಮೂರು ತಿಂಗಳು, ರೋಮಿನ ಟಂಕಸಾಲೆ ಅವನ ಹೆಸರಲ್ಲಿ ತಾಮ್ರದ ನಾಣ್ಯ ಹೊಡೆಯಲೇ ಇಲ್ಲ. ಹಾಗಾಗಿ ಅಗ್ಗದ ದಾರಿಯೂ ಮುಚ್ಚಿದೆ. ಕ್ಯಾಲಿಗುಲನ ಬೆಳ್ಳಿಯೂ ಕ್ಲಾಡಿಯಸ್‌ನ ಬೆಳ್ಳಿಯೂ ವಿರಳ. ನೂರು ಪೌಂಡಿನ ಲೆಕ್ಕದಲ್ಲಿ ಈ ಪಟ್ಟಿಯ ಬೆನ್ನು ಹತ್ತಿದವರು ಏನಾಗುತ್ತಾರೆಂದು ಕಂಡಿದ್ದೇನೆ. ವರ್ಷಗಟ್ಟಲೆ ಕಾಯುತ್ತಾರೆ, ಕೊನೆಗೆ ಮೂಗು ಸವೆದ, ಅರ್ಧ ಅಂಚು ಹೋದ ಒಂದು ಸೀಸರ್ ಕೊಳ್ಳುತ್ತಾರೆ. ಮುಖದ ನಾಣ್ಯ ಬೇಕೆಂದು ಹೊರಟವರ ಪೆಟ್ಟಿಗೆಯಲ್ಲಿ ಮುಖವೇ ಇಲ್ಲದ ನಾಣ್ಯಗಳು ತುಂಬಿರುತ್ತವೆ.

ಮುಖವೇ ಯಾಕೆ ಅಷ್ಟು ಮುಖ್ಯ ಎಂದರೆ, ರೋಮನ್ನರಿಗೂ ಅದು ಸಣ್ಣ ವಿಷಯವಾಗಿರಲಿಲ್ಲ. ಕ್ರಿ.ಪೂ. 44ರವರೆಗೆ ರೋಮಿನ ನಾಣ್ಯದ ಮೇಲೆ ದೇವರಿದ್ದರು, ತೀರಿಹೋದ ಹಿರಿಯರಿದ್ದರು. ಬದುಕಿರುವ ಮನುಷ್ಯ ಇರಲಿಲ್ಲ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಸೀಸರ್‌ನ ತಲೆ ಬಂತು, ಸುತ್ತ ‘ಶಾಶ್ವತ ಸರ್ವಾಧಿಕಾರಿ’ ಎಂಬ ಬರಹ. ಮಾರ್ಚ್ 15ಕ್ಕೆ ಅವನನ್ನು ಇರಿದು ಕೊಂದರು. ನಾಣ್ಯದ ಮೇಲೆ ಅವನ ಎಲೆಗಿರೀಟ ತಲೆಯ ಮುಂಭಾಗಕ್ಕೆ ಜರುಗಿ ಕೂತಿದೆ. ಸೆನೆಟ್, ಅಂದರೆ ರೋಮಿನ ಹಿರಿಯರ ಸಭೆ, ಕೊಟ್ಟ ಗೌರವಗಳಲ್ಲಿ ಸದಾ ಕಿರೀಟ ಧರಿಸುವ ಹಕ್ಕೇ ಅವನಿಗೆ ಬಲು ಪ್ರಿಯವಾಗಿತ್ತಂತೆ, ಬೋಳು ಮುಚ್ಚುತ್ತಿತ್ತಲ್ಲ! ಇದನ್ನು ಹೇಳಿದವನೂ ಸ್ವೆಟೋನಿಯಸ್ಸೇ. ತಮಾಷೆಯೆಂದರೆ, ಗಣರಾಜ್ಯ ಉಳಿಸಲೆಂದು ಕೊಂದ ಬ್ರೂಟಸ್ ಎರಡೇ ವರ್ಷದಲ್ಲಿ ತನ್ನದೇ ಮುಖ ಹಾಕಿ ನಾಣ್ಯ ಹೊಡೆಸಿದ. ಹಿಂದೆ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರು ತೊಡುವ ಟೋಪಿ, ಕೆಳಗೆ ಕೊಂದ ದಿನಾಂಕ.

ಹೀಗಾಗಿ ಪಟ್ಟಿ ಬಿಡಿ, ಮುಖ ಹಿಡಿಯಿರಿ. ಯಾವ ಮುಖ? ನನ್ನ ಮೆಚ್ಚಿನ ಕಥೆ ನೀರೋನದು. ಕ್ರಿ.ಶ. 54ರಲ್ಲಿ ಹದಿನಾರರ ಹುಡುಗ ಪಟ್ಟಕ್ಕೆ ಬಂದಾಗಿನ ನಾಣ್ಯದಲ್ಲಿ ತಾಯಿ ಅಗ್ರಿಪ್ಪಿನಾ, ಮಗ ಇಬ್ಬರೂ ಎದುರುಬದುರು ಕೂತ ಹಾಗಿದ್ದಾರೆ. ಮುಖವಿರುವ ಬದಿಯಲ್ಲಿ ಬರೆದಿರುವುದು ತಾಯಿಯ ಹೆಸರು. ಮಗನ ಹೆಸರು ಹಿಂಬದಿಗೆ ಹೋಗಿದೆ. ಮರುವರ್ಷ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾರೆ, ಮಗ ಮುಂದೆ, ತಾಯಿಯ ಮುಖದ ಅಂಚು ಮಾತ್ರ ಅವನ ಹಿಂದಿನಿಂದ ಇಣುಕುತ್ತದೆ, ಹೆಸರುಗಳೂ ಅದಲುಬದಲಾಗಿವೆ. ಆಮೇಲೆ ಅವಳು ನಾಣ್ಯದಲ್ಲೇ ಇಲ್ಲ. 59ರಲ್ಲಿ ಮಗನೇ ಅವಳನ್ನು ಕೊಲ್ಲಿಸಿದ. ಅರಮನೆಯೊಳಗಿನ ಜಗಳ ಹೀಗೆ ಸಂತೆಯ ಚಿಲ್ಲರೆಯಲ್ಲಿ ಕಾಣುವುದು ಇತಿಹಾಸದಲ್ಲೇ ಅಪರೂಪ. 64ರ ನಂತರದ ನಾಣ್ಯ ಪಕ್ಕಕ್ಕಿಡಿ: ಕುತ್ತಿಗೆ ತಲೆಯಷ್ಟೇ ದಪ್ಪ, ಗದ್ದದ ಕೆಳಗೆ ಇನ್ನೊಂದು ಗದ್ದ, ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಸುರುಳಿ ಸುತ್ತಿದ್ದಾರೆ. ಯಾರೂ ಅವನನ್ನು ಗೇಲಿ ಮಾಡಲು ಹಾಗೆ ಕೆತ್ತಿದ್ದಲ್ಲ. ಅವನಿಗೇ ಆ ರೂಪ ಬೇಕಿತ್ತು. ಉಂಡುಟ್ಟು ತೃಪ್ತರಾದ ಗ್ರೀಕ್ ದೊರೆಗಳ ಠೀವಿ ಅದು.

ಅವನ ನಂತರದ ಗದ್ದಲದಲ್ಲಿ ಗೆದ್ದ ವೆಸ್ಪೇಶಿಯನ್ ಇದಕ್ಕೆ ತದ್ವಿರುದ್ಧ. ಬೋಳುತಲೆ, ಹಣೆಯಲ್ಲಿ ಗೆರೆ, ಬಿಗಿದ ತುಟಿ, ನಮ್ಮ ಕಡೆ ಎಪಿಎಂಸಿ ಯಾರ್ಡಿನಲ್ಲಿ ರಾಶಿ ಮುಂದೆ ನಿಂತ ಹಳೆಯ ರೈತನ ಮುಖ. ‘ನಾನು ಆ ನೀರೋ ಅಲ್ಲ’ ಎಂದು ನಾಣ್ಯವೇ ಹೇಳುತ್ತದೆ. ನರ್ವನದು ಗಿಣಿಮೂಗು. ಹೇಡ್ರಿಯನ್ ಗ್ರೀಕರ ಮೇಲಿನ ಮೋಹಕ್ಕೆ ಗಡ್ಡ ಬಿಟ್ಟನೆನ್ನುತ್ತಾರೆ. ಮುಂದಿನ ಚಕ್ರವರ್ತಿಗಳೆಲ್ಲ ನೂರು ವರ್ಷ ಗಡ್ಡಧಾರಿಗಳೇ. ಕ್ಯಾರಕಲ್ಲಾ ಹುಡುಗನಾಗಿ ಮುದ್ದಾಗಿದ್ದವನು ತಮ್ಮನನ್ನು ಕೊಂದ ಮೇಲೆ ಹುಬ್ಬು ಗಂಟಿಕ್ಕಿಕೊಂಡೇ ಇದ್ದಾನೆ. ಮೂರನೇ ಶತಮಾನದಲ್ಲಿ ಚಕ್ರವರ್ತಿಗಳು ಎಷ್ಟು ಬೇಗ ಬದಲಾದರೆಂದರೆ, ಟಂಕಸಾಲೆಯವರಿಗೆ ಹೊಸಬನ ಮುಖ ನೋಡಲೂ ಪುರಸೊತ್ತಿಲ್ಲ. 268ರಲ್ಲಿ ಬಂದ ಎರಡನೇ ಕ್ಲಾಡಿಯಸ್‌ನ ಮೊದಮೊದಲ ನಾಣ್ಯಗಳಲ್ಲಿ ಕೂತಿರುವುದು ಹಿಂದಿನ ಗ್ಯಾಲಿಯೇನಸ್‌ನ ಮುಖ. ಇನ್ನು 300ರ ಹೊತ್ತಿಗೆ, ನಾಲ್ಕು ಜನ ಕೂಡಿ ಆಳಿದಾಗ, ನಾಲ್ವರೂ ಒಂದೇ ಅಚ್ಚು: ಚೌಕ ತಲೆ, ಕುರುಚಲು ಗಡ್ಡ, ಪಿಳಿಪಿಳಿ ಕಣ್ಣು. ಅಲ್ಲಿ ಗುರುತಿಗೆ ಹೆಸರು ಓದುವುದೇ ಗತಿ, ಮುಖವಲ್ಲ. ಒಬ್ಬರಿಗಿಂತ ಒಬ್ಬರು ಬೇರೆಯಲ್ಲ ಎಂದು ತೋರಿಸುವುದೇ ಅದರ ಉದ್ದೇಶವಾಗಿತ್ತೆಂದು ನನ್ನ ಅಭಿಪ್ರಾಯ.

ನೀವಿರುವ ದೇಶದಲ್ಲೇ ಒಬ್ಬ ಇದ್ದಾನೆ, ಕರೌಸಿಯಸ್. ನೌಕಾಪಡೆಯ ಅಧಿಕಾರಿ, 286ರಲ್ಲಿ ಬ್ರಿಟನ್ನನ್ನು ಕಿತ್ತುಕೊಂಡು ತಾನೇ ಚಕ್ರವರ್ತಿ ಎಂದ, 293ರವರೆಗೆ ಬಾಳಿದ. ಗೂಳಿ ಕುತ್ತಿಗೆ, ಮೊಂಡು ಮೂಗು. ಸಾಮ್ರಾಜ್ಯದ ನಿಜ ಚಕ್ರವರ್ತಿಗಳಿಬ್ಬರೂ ಅವನನ್ನು ಮುಗಿಸಲು ನೋಡುತ್ತಿದ್ದರೆ, ಇವನು ಮೂರು ತಲೆಗಳನ್ನು ಸಾಲಾಗಿ ಕೂರಿಸಿ ‘ಕರೌಸಿಯಸ್ ಮತ್ತು ಅವನ ಸಹೋದರರು’ ಎಂದು ನಾಣ್ಯ ಹೊಡೆಸಿದ! ಕರೆಯದ ಮದುವೆಗೆ ಹೋಗಿ ಫೋಟೊದಲ್ಲಿ ವರನ ಪಕ್ಕ ನಿಂತ ಹಾಗೆ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಹತ್ತಿರ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು, ಅದರಲ್ಲಿ ಇವನವು ಏಳುನೂರಕ್ಕೂ ಹೆಚ್ಚು. ಅವನ್ನಿಟ್ಟಿರುವ ಟಾಂಟನ್‌ನ ಮ್ಯೂಸಿಯಂಗೆ ಒಂದು ದಿನ ಹೋಗಿಬನ್ನಿ. ಯಾವುದನ್ನೂ ಕೊಳ್ಳುವ ಮೊದಲು ಹೀಗೆ ನೂರಾರು ಅಸಲಿ ನಾಣ್ಯ ಕಣ್ಣಿಗೆ ಬೀಳಬೇಕು.

ನೂರು ಪೌಂಡಿಗೆ ಏನು ಬರುತ್ತದೆ ಎಂದರೆ, ಹುಡುಕುವ ತಾಳ್ಮೆಯಿದ್ದರೆ ಮುಖ ಚೆನ್ನಾಗಿರುವ ಆಂಟೊನಿನಸ್ ಪಯಸ್‌ನ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ, ಅವನ ಹೆಂಡತಿ ಫೌಸ್ಟಿನಾಳ ನಾಣ್ಯ, ಮೂರನೇ ಗಾರ್ಡಿಯನ್ ಎಂಬ ಬಾಲಕನದು. ಕಾನ್‌ಸ್ಟಂಟೈನ್ ಕುಟುಂಬದ ಪುಟ್ಟ ಕಂಚಿನ ನಾಣ್ಯಗಳಂತೂ ಇದರ ಕಾಲುಭಾಗಕ್ಕೇ ಸಿಗುತ್ತವೆ. ಎರಡು ತಿಂಗಳು ಸುಮ್ಮನಿದ್ದರೆ ಟ್ರೇಜನ್ ಅಥವಾ ವೆಸ್ಪೇಶಿಯನ್. ನನ್ನ ಸಲಹೆ: ಮೊದಲನೆಯದು ಟ್ರೇಜನ್ ಆಗಲಿ.

ಯಾಕೆಂದರೆ ಓದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಟಿ ಇಲ್ಲ. ಅಕ್ಷರ ದೊಡ್ಡವು, ಒಂದಕ್ಕೊಂದು ಅಂಟಿಲ್ಲ. ತಲೆಯ ಎಡಗಡೆ ಕೆಳಗಿನಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಸುತ್ತಿ ಓದಿ. ಐ-ಎಂ-ಪಿ: ಇಂಪೆರಾಟರ್, ಸೇನೆಯ ಒಡೆಯ. ಆಮೇಲೆ ‘ಟ್ರಯಾನೊ’. ಎ-ವಿ-ಜಿ: ಅಗಸ್ಟಸ್, ಚಕ್ರವರ್ತಿಯ ಬಿರುದು (ಅವರಿಗೆ ಉ ಮತ್ತು ವ ಎರಡಕ್ಕೂ ಒಂದೇ ಅಕ್ಷರ). ಜಿ-ಇ-ಆರ್, ಡಿ-ಎ-ಸಿ: ಜರ್ಮನರನ್ನೂ ಈಗಿನ ರೊಮೇನಿಯಾ ಕಡೆಯ ಡೇಸಿಯನ್ನರನ್ನೂ ಗೆದ್ದವನು. ಪಿ-ಎಂ ಪ್ರಧಾನ ಪುರೋಹಿತ, ಟಿ-ಆರ್-ಪಿ ಜನಪ್ರತಿನಿಧಿಯ ಅಧಿಕಾರ, ಸಿ-ಒ-ಎಸ್ ಮತ್ತು ಪಕ್ಕದಲ್ಲಿ ರೋಮನ್ ಐದು: ಐದನೇ ಸಲ ಕಾನ್ಸಲ್, ರೋಮಿನ ಹಳೆಯ ಅತ್ಯುನ್ನತ ಪದವಿ. ಪಿ-ಪಿ, ದೇಶದ ತಂದೆ. ಟ್ರೇಜನ್ ಐದನೇ ಸಲ ಕಾನ್ಸಲ್ ಆದದ್ದು 103ರಲ್ಲಿ, ಆರನೇ ಸಲ 112ರಲ್ಲಿ. ಹಾಗಾಗಿ ಐದು ಎಂದು ಬರೆದಿರುವ ನಾಣ್ಯ ಆ ಒಂಬತ್ತು ವರ್ಷಗಳ ನಡುವಿನದು. ನಾಣ್ಯವೇ ತನ್ನ ಜಾತಕ ಹೇಳಿಕೊಂಡಿದೆ.

‘ಟ್ರಯಾನಸ್’ ಎನ್ನದೆ ‘ಟ್ರಯಾನೊ’ ಎಂದಿರುವುದನ್ನು ಗಮನಿಸಿ. ಅದು ಚತುರ್ಥೀ ವಿಭಕ್ತಿ: ಟ್ರೇಜನ್‌‘ಗೆ’. ಹಿಂಬದಿಯಲ್ಲಿ ವಾಕ್ಯ ಪೂರ್ತಿಯಾಗುತ್ತದೆ: ಸೆನೆಟ್ ಮತ್ತು ರೋಮಿನ ಜನ, ಅತ್ಯುತ್ತಮ ನಾಯಕನಿಗೆ. ಮದುವೆಯಲ್ಲಿ ಕೊಡುವ ಸ್ಟೀಲ್ ಪಾತ್ರೆಯ ಅಂಚಿಗೆ ‘ಚಿ. ಸೌ. ಇಂಥವರಿಗೆ’ ಎಂದು ಹೆಸರು ಕೊರೆಸುತ್ತೇವಲ್ಲ, ವ್ಯಾಕರಣ ಅದೇ. ಓದಿದ ಬರಹವನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ‘ಓಕ್ರೆ’ ಎಂಬ ಉಚಿತ ಆನ್‌ಲೈನ್ ಪಟ್ಟಿಯಲ್ಲಿ ಹಾಕಿ ಹುಡುಕಿ, ನಿಮ್ಮ ನಾಣ್ಯದ ಜಾತಿ, ಟಂಕಸಾಲೆ ಎಲ್ಲ ಸಿಗುತ್ತದೆ. ಮಾರುವವರು ಬರೆದ ವಿವರಣೆ ತಪ್ಪಿರುವುದು ನೀವಂದುಕೊಂಡದ್ದಕ್ಕಿಂತ ಹೆಚ್ಚು.

ನಕಲಿಯ ವಿಷಯಕ್ಕೆ ಬಂದರೆ ನನ್ನದೇ ಕಥೆ ಹೇಳಬೇಕು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಪ್ರವಾಸದಲ್ಲಿ ಒಂದು ಹಳೇ ಸಾಮಾನಿನ ಸಂತೆಯಲ್ಲಿ ವೆಸ್ಪೇಶಿಯನ್ ಡಿನೇರಿಯಸ್ ಕೊಂಡೆ. ಮಾರಿದವನು ಬಟ್ಟೆಯಲ್ಲಿ ಸುತ್ತಿಟ್ಟಿದ್ದ, ಸುತ್ತಲೂ ನೋಡಿ ಪಿಸುಮಾತಿನಲ್ಲಿ ಬೆಲೆ ಹೇಳಿದ. ಅಷ್ಟಕ್ಕೇ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಮೈಸೂರಿಗೆ ಬಂದು ನಮ್ಮ ಬೀದಿಯ ಅಕ್ಕಸಾಲಿಗರಿಗೆ ಹೆಮ್ಮೆಯಿಂದ ತೋರಿಸಿದೆ. ಅವರಿಗೆ ರೋಮ್ ಎಲ್ಲಿದೆಯೋ ಬೇಕಿರಲಿಲ್ಲ. ಮಸೂರ ಕಣ್ಣಿಗೆ ಸಿಕ್ಕಿಸಿ ಅರ್ಧ ನಿಮಿಷ ನೋಡಿ, “ಸ್ವಾಮಿ, ಇದು ಹೊಡೆದದ್ದಲ್ಲ, ಹೊಯ್ದದ್ದು” ಎಂದರು. ತಕ್ಕಡಿಗೆ ಹಾಕಿದರೆ 2.6 ಗ್ರಾಂ, ಇರಬೇಕಾದ್ದು ಮೂರೂಕಾಲರ ಆಸುಪಾಸು.

ಆ ಎರಡು ಪದದಲ್ಲಿ ಅರ್ಧ ಶಾಸ್ತ್ರವಿದೆ. ಅಸಲಿ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಬೆಳ್ಳಿ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಪೆಟ್ಟಿಗೆ ಲೋಹ ಹೊರಕ್ಕೆ ಹರಿಯುತ್ತದೆ. ಅಕ್ಷರಗಳಿಂದ ಅಂಚಿನ ಕಡೆಗೆ ಸಣ್ಣ ಗೆರೆಗಳು ಕಾಣುತ್ತವೆ, ಅಂಚು ಅಲ್ಲಲ್ಲಿ ಸೀಳಿರುತ್ತದೆ, ಅಕ್ಷರದ ಬದಿಗಳು ಚೂಪು. ಹೊಯ್ದದ್ದರಲ್ಲಿ ಸೋಪು ತೊಳೆದಂಥ ಮೆತ್ತನೆ ಮೈ, ಸೂಜಿಮೊನೆಯಷ್ಟು ಗುಳಿಗಳು, ಎರಡು ಅರ್ಧ ಸೇರಿದ ಗೆರೆಯನ್ನು ಅರದಿಂದ ಉಜ್ಜಿ ಅಳಿಸಿದ ಗುರುತು. ಹತ್ತು ಪಟ್ಟಿನ ಮಸೂರ, ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿ ಕೊಂಡುಕೊಳ್ಳಿ. ಎರಡೂ ಸೇರಿ ಒಂದು ನಾಣ್ಯದ ಬೆಲೆಯಾಗುವುದಿಲ್ಲ. ಅಚ್ಚು ಕೊರೆದು ಹೊಡೆದ ಈಗಿನ ನಕಲಿಗಳೂ ಇವೆ, ಅವನ್ನು ತೂಕ ಹಿಡಿಯುವುದಿಲ್ಲ. ಅಲ್ಲಿ ಒಂದು ಯುಕ್ತಿ: ಎರಡು ಬೇರೆ ನಾಣ್ಯಗಳ ಫೋಟೊಗಳಲ್ಲಿ ಅದೇ ಜಾಗದಲ್ಲಿ ಅದೇ ಗೀರು, ಅದೇ ಸವೆತ ಕಂಡರೆ ಎರಡರಲ್ಲಿ ಒಂದಾದರೂ ಸುಳ್ಳು. ಎರಡು ಸಾವಿರ ವರ್ಷ ಎರಡು ನಾಣ್ಯ ಒಂದೇ ಥರ ಸವೆಯುವುದಿಲ್ಲ.

ಒಳಗೆ ತಾಮ್ರ ಕಂಡ ಬೆಳ್ಳಿ ನಾಣ್ಯವನ್ನು ಮಾತ್ರ ಅವಸರದಲ್ಲಿ ಎಸೆಯಬೇಡಿ. ರೋಮನ್ ಕಾಲದ ಕಳ್ಳರೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ಹೊಡೆದ ನಾಣ್ಯಗಳಿವೆ. ನನ್ನ ಹತ್ತಿರ ಅಂಥ ಒಂದು ಅಗಸ್ಟಸ್ ಇದೆ, ಕೆನ್ನೆಯ ಬೆಳ್ಳಿ ಎದ್ದು ಕೆಂಪಗೆ ಕಾಣುತ್ತದೆ. ಅಸಲಿಗಿಂತ ಅದರ ಮೇಲೇ ನನಗೆ ಪ್ರೀತಿ.

ಅಸಲಿಯಾದರೂ ಕೊಳ್ಳಬಾರದ್ದುಂಟು, ಎಲ್ಲಿಂದ ಬಂತೆಂದು ಹೇಳಲಾಗದ್ದು. ಮೇಲೆ ಹೇಳಿದ ಬ್ರೂಟಸ್ ನಾಣ್ಯದ ಚಿನ್ನದ ಪ್ರತಿಯೊಂದು 2020ರಲ್ಲಿ ಲಂಡನ್ನಿನಲ್ಲಿ 32 ಲಕ್ಷ ಪೌಂಡಿಗೂ ಮೇಲೆ ಹರಾಜಾಯಿತು. ಹಳೆಯ ಸಂಗ್ರಹದ್ದೆಂದು ತೋರಿಸಿದ ಮೂಲ ಸುಳ್ಳೆಂದು ಆಮೇಲೆ ಬಯಲಾಗಿ, 2023ರಲ್ಲಿ ನಾಣ್ಯ ಗ್ರೀಸ್‌ಗೆ ಮರಳಿತು. ನೂರು ಪೌಂಡಿನ ನಾಣ್ಯಕ್ಕೂ ಬಿಲ್ಲು ಕೇಳಿ, ಹಿಂದಿನ ಮಾಲೀಕರ ಚೀಟಿಯಿದ್ದರೆ ನಾಣ್ಯದಷ್ಟೇ ಜೋಪಾನವಾಗಿಡಿ. ಬ್ರಿಟನ್ನಿನ ಮಣ್ಣಲ್ಲಿ ಸಿಕ್ಕಿದ್ದಾದರೆ ನೆಲದಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಅಲ್ಲಿನ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ದಾಖಲಾದದ್ದಿದ್ದರೆ ಎರಡು ಪೌಂಡ್ ಹೆಚ್ಚಾದರೂ ಅದನ್ನೇ ಆರಿಸಿ.

ಇಡುವುದಕ್ಕೆ ಪಿವಿಸಿ ಪ್ಲಾಸ್ಟಿಕ್ ಚೀಲ ಬೇಡ, ಕಾಲಾಂತರದಲ್ಲಿ ಹಸಿರು ಅಂಟು ಬಿಡುತ್ತದೆ. ಕಂಚಿನ ಮೇಲೆ ಗಟ್ಟಿಯಾಗಿ ಕೂತ ಹಸಿರು ಕಿಲುಬು ಕಾಯಿಲೆಯಲ್ಲ, ಚರ್ಮ, ಹಾಗೇ ಬಿಡಿ. ಉಗುರಿಗೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಆ ನಾಣ್ಯವನ್ನು ಬೇರೆಯಿಟ್ಟು, ಒಣ ಜಾಗಕ್ಕೆ ಸಾಗಿಸಿ. ದಯವಿಟ್ಟು ಹುಣಸೆಹುಳಿ, ಪೀತಾಂಬರಿ ಹಚ್ಚಿ ದೇವರ ದೀಪದಂತೆ ಬೆಳಗಬೇಡಿ. ಹಬ್ಬಕ್ಕೆಂದು ಮನೆಯವರು ಉಜ್ಜಿ ಫಳಫಳ ಮಾಡಿಟ್ಟ ಕಾನ್‌ಸ್ಟಂಟೈನ್ ಒಂದನ್ನು ನೋಡಿದ್ದೇನೆ. ಕಣ್ಣು ಮೂಗು ಎರಡೂ ಹೋಗಿದ್ದವು.

ಇನ್ನು ಚಿಕ್ಕಪ್ಪನ ನಾಣ್ಯ. ಫೋಟೊದಲ್ಲಿ ಬಲಕ್ಕೆ ನೋಡುವ ಎಲೆಗಿರೀಟದ ತಲೆ. ಹಿಂದೆ ಕುರ್ಚಿಯಲ್ಲಿ ಕುಳಿತ ಹೆಂಗಸು, ಒಂದು ಕೈಲಿ ದಂಡ, ಇನ್ನೊಂದರಲ್ಲಿ ರೆಂಬೆ. ಇದು ಟೈಬೀರಿಯಸ್‌ನ ಡಿನೇರಿಯಸ್ ಮಾದರಿ. ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ ಸುಮಾರು ಇಪ್ಪತ್ತು ವರ್ಷ ಚಿತ್ರ ಬದಲಿಸದೆ ಹೊಡೆದದ್ದು. ಕೈಸರನದನ್ನು ಕೈಸರನಿಗೆ ಕೊಡಿ ಎಂದು ಯೇಸು ತೋರಿಸಿದ ನಾಣ್ಯ ಇದೇ ಎಂಬ ನಂಬಿಕೆಯಿಂದ ಯುರೋಪಿನಲ್ಲಿ ಬೆಲೆ ಏರಿ ಕೂತಿದೆ. ನಮ್ಮಲ್ಲಿ ಅದು ಬಂದದ್ದು ಮೆಣಸು, ಮುತ್ತು, ಬಟ್ಟೆಯ ಬೆಲೆಯಾಗಿ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹೀರುತ್ತಿದೆಯೆಂದು ಆ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ಡಿನೇರಿಯಸ್. ನಮ್ಮ ಶಾಸನಗಳ ‘ದೀನಾರ’ ಎಂಬ ಮಾತು ಅಲ್ಲಿಂದಲೇ ಬಂತು.

ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಹೆಚ್ಚಿನವು ಅಗಸ್ಟಸ್, ಟೈಬೀರಿಯಸ್ ಇಬ್ಬರದೇ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ 163 ನಾಣ್ಯಗಳಲ್ಲೂ ಇವರಿದ್ದಾರೆ. ಚಂದ್ರವಳ್ಳಿಯ ಉತ್ಖನನಗಳಲ್ಲೂ ಇಬ್ಬರ ಡಿನೇರಿಯಸ್ ಸಿಕ್ಕಿವೆ. 64ರಲ್ಲಿ ನೀರೋ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಅದಕ್ಕೂ ಹಿಂದಿನ ನಾಣ್ಯವನ್ನೇ ನಮ್ಮ ವ್ಯಾಪಾರಿಗಳು ಬಯಸಿದ್ದರು ಎಂಬುದು ಒಪ್ಪುವಂಥ ಕಾರಣ. ಚಕ್ರವರ್ತಿಯ ಮುಖಕ್ಕೆ ಇಲ್ಲಿ ಬೇರೆಯೇ ಮರ್ಯಾದೆ ಸಿಕ್ಕಿತು. ತಮಿಳುನಾಡಿನ ಪುದುಕೋಟೈಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮುಖಕ್ಕೆ ಉಳಿಯಿಂದ ಕಚ್ಚು ಹಾಕಿದ್ದಾರೆ, ಮತ್ತೆ ಚಲಾವಣೆಗೆ ಹೋಗದಿರಲೆಂದಿರಬೇಕು. ಇನ್ನು ಕೆಲವು ಕಡೆ ತಲೆಯ ಮೇಲೆ ಎರಡು ತೂತು ಹೊಡೆದು ಸರಕ್ಕೆ ಪೋಣಿಸಿದರು. ನಿಮ್ಮ ಫೋಟೊದಲ್ಲಿ ಕೆನ್ನೆಯ ಮೇಲೊಂದು ಅಡ್ಡ ಗೀರು ಕಾಣುತ್ತದೆ. ಅದು ಆ ಕಾಲದ್ದೋ ಗುದ್ದಲಿಯದೋ ಎಂಬುದನ್ನು ನಾಣ್ಯ ಕೈಗೆ ಬಂದರೆ ಹೇಳಬಹುದು. ಸದ್ಯಕ್ಕೆ ಚಿಕ್ಕಪ್ಪನಿಗೆ ಹೇಳಿ ಯಾವುದಾದರೂ ಚಿನ್ನದಂಗಡಿಯಲ್ಲಿ ತೂಗಿಸಿ, 3.5ರಿಂದ 3.9 ಗ್ರಾಂ ಒಳಗೆ ಬಂದರೆ ಒಳ್ಳೆಯ ಲಕ್ಷಣ.

ಅಸಲಿಯಾದರೆ ಅದು ನಿಮ್ಮ ಸಂಗ್ರಹಕ್ಕಲ್ಲ. ನೂರು ವರ್ಷ ದಾಟಿದ ಯಾವ ನಾಣ್ಯವೂ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಸೂಟ್‌ಕೇಸಿನಲ್ಲಿ ಬಟ್ಟೆಯ ಮಧ್ಯೆ ಇಟ್ಟರೂ ಅಷ್ಟೇ. ನೀವು ಅಲ್ಲಿ ಕೊಂಡ ನಾಣ್ಯಗಳನ್ನು ಊರಿಗೆ ತಂದರೂ ಮತ್ತೆ ಹೊರಗೆ ಒಯ್ಯಲು ಇದೇ ಅಡ್ಡಿ, ಆದ್ದರಿಂದ ಅವು ಅಲ್ಲೇ ಇರಲಿ. ನೆಲದಲ್ಲಿ ಸಿಕ್ಕಿದ್ದಕ್ಕೆ ಕರ್ನಾಟಕದ 1962ರ ನಿಧಿ ಕಾಯ್ದೆ ಬೇರೆ ಇದೆ. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ತಡವಾಯಿತೆಂದು ಹೆದರಿ ಚಿಕ್ಕಪ್ಪ ಅದನ್ನು ಕರಗಿಸಿಬಿಟ್ಟಾರು, ಅದೇ ನನ್ನ ಭಯ. ಜಿಲ್ಲಾಧಿಕಾರಿ ಕಚೇರಿಗೋ ಪುರಾತತ್ವ ಇಲಾಖೆಗೋ ಅವರೇ ಹೋಗಿ ಕೊಟ್ಟು, ರಸೀದಿ ಪಡೆಯಲಿ. ಯಾವ ಸರ್ವೆ ನಂಬರಿನ ಹೊಲ, ಉಳುವಾಗ ಸಿಕ್ಕಿತೋ ಬಾವಿ ತೋಡುವಾಗಲೋ, ಜೊತೆಗೆ ಮಡಕೆ ಚೂರು, ಬೂದಿ, ಇಟ್ಟಿಗೆ ಏನಾದರೂ ಇತ್ತೋ, ಇವನ್ನೆಲ್ಲ ಚಿಕ್ಕಪ್ಪನಿಗೆ ನೆನಪಿರುವಾಗಲೇ ಕೂತು ಕೇಳಿ ಬರೆದುಕೊಳ್ಳಿ. ಮುಂದಿನ ಸಲ ಊರಿಗೆ ಹೋಗುವವರೆಗೆ ಕಾಯಬೇಡಿ, ಇವತ್ತೇ ಫೋನ್ ಮಾಡಿ.